ಬೀಗದ ವಿದ್ಯೆ ವಿಶ್ವವಿದ್ಯಾನಿಲಯಕ್ಕೆ ಬಂದ ಬಗೆ

ಬೀಗದ ಕೈ ಇಲ್ಲದೆ ಬೀಗ ತೆಗೆಯುವ ಬಗೆಯನ್ನು ಹತ್ತು ಜನರ ಎದುರಿನಲ್ಲಿ ಕಲಿಸಬಹುದೆ? ಕಲಿಸಿದರೆ ಕಳ್ಳನಿಗೆ ದಾರಿ ತೋರಿದಂತಾಗುತ್ತದೆ ಎನ್ನುವವರುಂಟು. ಕಲಿಸದಿದ್ದರೆ, ಬೀಗ ಎಲ್ಲಿ ದುರ್ಬಲವೆಂಬುದು ಅದನ್ನು ಮಾಡಿದವನಿಗೇ ತಿಳಿಯದೆ ಹೋಗುತ್ತದೆ ಎನ್ನುವವರೂ ಉಂಟು. ಎರಡು ಮಾತುಗಳಲ್ಲಿಯೂ ಅರ್ಥವಿದೆ. ಆದುದರಿಂದಲೇ ಈ ವಾದ ಇಷ್ಟು ಕಾಲ ಬಾಳಿದೆ.

ಇಂದು ನಮ್ಮ ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟು, ಆಸ್ಪತ್ರೆಯ ಕಾಗದಪತ್ರ, ಜಮೀನಿನ ಪಹಣಿ ಎಲ್ಲವೂ ಗಣಕಯಂತ್ರದ ಒಡಲಿನಲ್ಲಿವೆ. ಇವನ್ನು ಕಾಯುವ ವಿದ್ಯೆಗೆ ಗಣಕಯಂತ್ರದ ಭದ್ರತೆ ಎಂದು ಹೆಸರು. ಇದನ್ನು ಈಗ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಕ್ರಮವಾಗಿ ಕಲಿಸುತ್ತಾರೆ, ಪದವಿಯನ್ನೂ ಕೊಡುತ್ತಾರೆ. ಕಾಯುವುದನ್ನು ಕಲಿಯಬೇಕಾದರೆ ಒಡೆಯುವುದನ್ನೂ ತಿಳಿಯಬೇಕು. ಆದುದರಿಂದ ಈ ತರಗತಿಯಲ್ಲಿ ಎರಡೂ ಪಾಠಗಳು ನಡೆಯುತ್ತವೆ. ಈ ಪಾಠ ನಡೆಸುವ ಹಕ್ಕು ವಿಶ್ವವಿದ್ಯಾನಿಲಯಗಳಿಗೆ ತಾನಾಗಿ ದೊರೆತುದಲ್ಲ. ಅದಕ್ಕಾಗಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಸರ್ಕಾರದೊಡನೆ, ಕೈಗಾರಿಕೆಯೊಡನೆ, ಕೆಲವೊಮ್ಮೆ ತಮ್ಮೊಳಗೇ ವಾದ ಹೂಡಬೇಕಾಯಿತು. ಆ ಕಥೆಯೇ ಇಲ್ಲಿನ ವಿಷಯ.

ಗಣಕಯಂತ್ರ ಹುಟ್ಟುವುದಕ್ಕೆ ಬಹಳ ಮೊದಲೇ ಈ ವಾದ ಒಮ್ಮೆ ಲಂಡನ್ನಿನಲ್ಲಿ ನಡೆದಿತ್ತು. ೧೮೫೧ರಲ್ಲಿ ಅಲ್ಲಿ ಮಹಾಪ್ರದರ್ಶನವೊಂದು ಏರ್ಪಟ್ಟಿತು. ಅದಕ್ಕೆ ಬಂದಿದ್ದ ಆಲ್‌ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಅಮೆರಿಕದ ಬೀಗ ತಜ್ಞ, ಇಂಗ್ಲೆಂಡಿನಲ್ಲಿ ಪ್ರಸಿದ್ಧವಾಗಿದ್ದ ಚಬ್ ಕಂಪನಿಯ ಬೀಗವನ್ನು ಇಪ್ಪತ್ತೈದು ನಿಮಿಷಗಳಲ್ಲಿ ತೆಗೆದ. ಅನಂತರ ಬ್ರಾಮಾ ಅಂಗಡಿಯ ಬೀಗಕ್ಕೆ ಕೈಹಾಕಿದ. ಅದನ್ನು ತೆಗೆದವರಿಗೆ ೨೦೦ ಗಿನಿ ಬಹುಮಾನ ಕೊಡುವುದಾಗಿ ಸಾರಿ, ಬೀಗವನ್ನು ಅಂಗಡಿಯ ಕಿಟಕಿಯಲ್ಲಿ ತೂಗಹಾಕಿದ್ದರು. ಅರ್ಧ ಶತಮಾನ ಕಳೆದರೂ ಯಾರೂ ಗೆದ್ದಿರಲಿಲ್ಲ. ಹಾಬ್ಸ್ ಹದಿನಾರು ದಿನಗಳ ಅವಧಿಯಲ್ಲಿ ಒಟ್ಟು ಐವತ್ತೊಂದು ಗಂಟೆ ದುಡಿದು ಅದನ್ನೂ ತೆಗೆದ. ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಇಂಥ ಗುಟ್ಟನ್ನು ಬಯಲು ಮಾಡಿದುದು ಸರಿಯೆ ಎಂದು ಜನ ಕೇಳಿದರು. ೧೮೫೩ರಲ್ಲಿ ಹಾಬ್ಸನ ಅನುಭವಗಳನ್ನು ಆಧರಿಸಿ ಪ್ರಕಟವಾದ ಬೀಗಗಳ ಪುಸ್ತಕವೊಂದರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಕಳ್ಳರು ತಮ್ಮ ಕಸಬಿನಲ್ಲಿ ಪಳಗಿದವರು. ನಾವು ಕಲಿಸುವುದಕ್ಕಿಂತ ಹೆಚ್ಚನ್ನು ಅವರು ಆಗಲೇ ಬಲ್ಲರು. ತಿಳಿಯದೆ ಉಳಿದವನು ಬೀಗವನ್ನು ನಂಬಿ ಮಲಗಿದ ಮನೆಯೊಡೆಯ ಮಾತ್ರ — ಇದು ಆ ಉತ್ತರದ ತಿರುಳು.

ಮೂವತ್ತು ವರ್ಷಗಳ ಮೇಲೆ, ೧೮೮೩ರಲ್ಲಿ, ಪ್ಯಾರಿಸ್ಸಿನಲ್ಲಿ ಭಾಷೆಗಳನ್ನು ಕಲಿಸುತ್ತಿದ್ದ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಅಧ್ಯಾಪಕರು ಸೇನೆಯ ಗುಪ್ತಲಿಪಿಯನ್ನು ಕುರಿತು ಬರೆಯುತ್ತಾ ಇದೇ ಮಾತನ್ನು ಸೂತ್ರರೂಪಕ್ಕೆ ತಂದರು. ಗುಪ್ತಲಿಪಿಯ ಯಂತ್ರವಾಗಲಿ ವಿಧಾನವಾಗಲಿ ಶತ್ರುವಿನ ಕೈಗೆ ಸಿಕ್ಕಿದರೂ ಕೇಡಾಗಬಾರದು. ಗುಟ್ಟೆಲ್ಲವೂ ಬೀಗದ ಕೈಯಲ್ಲಿರಬೇಕೇ ಹೊರತು ಬೀಗದ ರಚನೆಯಲ್ಲಿ ಅಲ್ಲ. ರಚನೆ ಬಯಲಾದರೆ ಬೀಗವನ್ನೇ ಎಸೆಯಬೇಕು. ಕೈ ಬಯಲಾದರೆ ಬೇರೆ ಕೈ ಮಾಡಿಸಿದರೆ ಸಾಕು. ಮುಂದೆ ಗಣಕಯಂತ್ರದ ಭದ್ರತೆಗೆ ಅಡಿಗಲ್ಲಾದುದು ಈ ಸರಳವಾದ ವಿವೇಕವೇ.

ಮೊದಲ ಗಣಕಯಂತ್ರಗಳಿಗೆ ಬೇರೆ ಬೀಗ ಬೇಕಾಗಿರಲಿಲ್ಲ. ಕೋಣೆಯ ಬಾಗಿಲಿಗೆ ಹಾಕಿದ ಬೀಗವೇ ಸಾಕಾಗಿತ್ತು. ಒಬ್ಬನ ಕೆಲಸ ಮುಗಿದ ಮೇಲೆ ಇನ್ನೊಬ್ಬನ ಕೆಲಸ ಆರಂಭವಾಗುತ್ತಿತ್ತು. ೧೯೬೧ರ ನವೆಂಬರಿನಲ್ಲಿ ಈ ಸ್ಥಿತಿ ಬದಲಾಗುವ ಸೂಚನೆ ತೋರಿತು. ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ — ಎಂ.ಐ.ಟಿ. ಎಂದು ಅದಕ್ಕೆ ರೂಢಿಯ ಹೆಸರು — ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಒಂದೇ ಛತ್ರದಲ್ಲಿ ಹತ್ತು ಸಂಸಾರಗಳು ಇಳಿದುಕೊಂಡರೆ ಪ್ರತಿಯೊಬ್ಬರ ಪೆಟ್ಟಿಗೆಗೂ ಬೀಗ ಬೇಕಲ್ಲವೆ? ಹಾಗೆ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಗುಟ್ಟಿನ ಪದವನ್ನು ಕೊಟ್ಟರು. ಈಗ ಮನೆಮಾತಾಗಿರುವ ಪಾಸ್‌ವರ್ಡ್ ಗಣಕಯಂತ್ರದ ಲೋಕಕ್ಕೆ ಕಾಲಿಟ್ಟುದು ಹೀಗೆ.

ಬೀಗ ಬಂದ ಮರುವರ್ಷವೇ ಅದನ್ನು ಮೀರಿದವನೂ ಬಂದ. ಆಲನ್ ಶೇರ್ ಎಂಬ ಸಂಶೋಧನ ವಿದ್ಯಾರ್ಥಿಗೆ ವಾರಕ್ಕೆ ಗೊತ್ತುಮಾಡಿದ್ದ ಯಂತ್ರದ ಕಾಲ ಸಾಲದಾಯಿತು. ಆತ ೧೯೬೨ರಲ್ಲಿ ಪಾಸ್‌ವರ್ಡುಗಳ ಕಡತವನ್ನೇ ಅಚ್ಚು ಹಾಕಿಕೊಡಬೇಕೆಂದು ರಂಧ್ರ ಕೊರೆದ ಕಾರ್ಡಿನ ಮೂಲಕ ಕೋರಿದ. ಯಂತ್ರ ವಿಧೇಯತೆಯಿಂದ ಅಚ್ಚು ಹಾಕಿತು. ಈ ಸಂಗತಿಯನ್ನು ಆತನೇ ಬಹಳ ವರ್ಷಗಳ ಮೇಲೆ ಬಯಲು ಮಾಡಿದ. ಕೆಲವು ವರ್ಷಗಳಲ್ಲಿ ಅದೇ ಯಂತ್ರದಲ್ಲಿ ಇನ್ನೊಂದು ಸೋಜಿಗ ನಡೆಯಿತು. ಮೇಲ್ವಿಚಾರಕರಲ್ಲಿ ಒಬ್ಬರು ಆ ದಿನದ ಸ್ವಾಗತ ಸಂದೇಶವನ್ನೂ ಇನ್ನೊಬ್ಬರು ಪಾಸ್‌ವರ್ಡುಗಳ ಪಟ್ಟಿಯನ್ನೂ ಒಂದೇ ಸಮಯದಲ್ಲಿ ತಿದ್ದುತ್ತಿದ್ದರು. ತಿದ್ದುವಾಗ ಯಂತ್ರ ಬಳಸುತ್ತಿದ್ದ ತಾತ್ಕಾಲಿಕ ಕಡತಕ್ಕೆ ಎರಡು ಕಡೆಯೂ ಒಂದೇ ಹೆಸರಿದ್ದುದರಿಂದ ಒಂದು ಇನ್ನೊಂದರ ಸ್ಥಾನಕ್ಕೆ ಹೋಯಿತು. ಯಂತ್ರಕ್ಕೆ ಬಂದವರಿಗೆಲ್ಲ ಸ್ವಾಗತ ಸಂದೇಶಕ್ಕೆ ಬದಲಾಗಿ ಎಲ್ಲರ ಪಾಸ್‌ವರ್ಡುಗಳೂ ಕಾಣಿಸಿಕೊಂಡುವು! ಇಲ್ಲಿ ಕಳ್ಳನೂ ಇರಲಿಲ್ಲ, ದುರುದ್ದೇಶವೂ ಇರಲಿಲ್ಲ. ಗುಟ್ಟುಗಳನ್ನೆಲ್ಲ ಒಂದೇ ಕಡೆ ಬರೆದಿಟ್ಟದ್ದೇ ದೋಷ.

ಇದಕ್ಕೆ ಪರಿಹಾರ ದೊರೆತದ್ದು ಇನ್ನೊಂದು ವಿಶ್ವವಿದ್ಯಾನಿಲಯದಲ್ಲಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ರೋಜರ್ ನೀಧಮ್ ಅವರು ಪಾಸ್‌ವರ್ಡನ್ನು ಇದ್ದ ಹಾಗೆಯೇ ಇಡಬಾರದೆಂದೂ, ಹಿಂದಿರುಗಿಸಲಾಗದ ಒಂದು ಗಣಿತಕ್ರಿಯೆಗೆ ಅದನ್ನು ಒಳಪಡಿಸಿ ಫಲವನ್ನು ಮಾತ್ರ ಇಡಬೇಕೆಂದೂ ಸೂಚಿಸಿದರು. ರಾಗಿಯನ್ನು ಬೀಸಿದರೆ ಹಿಟ್ಟಾಗುತ್ತದೆ. ಹಿಟ್ಟಿನಿಂದ ರಾಗಿಯ ಕಾಳನ್ನು ಮರಳಿ ಪಡೆಯಲಾಗದು. ನೀವು ಪಾಸ್‌ವರ್ಡನ್ನು ಹೇಳಿದಾಗ ಯಂತ್ರ ಅದನ್ನೂ ಬೀಸಿ, ತನ್ನಲ್ಲಿರುವ ಹಿಟ್ಟಿನೊಡನೆ ಹೋಲಿಸಿ ನೋಡುತ್ತದೆ. ಹೊಂದಿದರೆ ಬಾಗಿಲು ತೆರೆಯುತ್ತದೆ. ಪಟ್ಟಿಯನ್ನು ಕದ್ದವನಿಗೆ ಸಿಕ್ಕುವುದು ಬರಿಯ ಹಿಟ್ಟು. ಈ ಉಪಾಯವನ್ನು ಗುಟ್ಟಾಗಿ ಇಡಲಿಲ್ಲ ಎಂಬುದು ಗಮನಾರ್ಹ. ಮಾರಿಸ್ ವಿಲ್ಕ್ಸ್ ಅವರು ೧೯೬೮ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರಿಸಿದರು, ಓದಬಲ್ಲವರೆಲ್ಲ ಓದಿದರು.

ಆದರೂ ಬೀಗ ಎಷ್ಟು ಗಟ್ಟಿಯಾದರೇನು, ಕೈಯನ್ನು ಹೊಸಿಲ ಕೆಳಗೆ ಇಟ್ಟರೆ? ಬೆಲ್ ಪ್ರಯೋಗಶಾಲೆಯ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬ ಇಬ್ಬರು ೧೯೭೯ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಜನರು ತಾವಾಗಿ ಆರಿಸಿಕೊಂಡ ೩,೨೮೯ ಪಾಸ್‌ವರ್ಡುಗಳನ್ನು ಅವರು ಪರೀಕ್ಷಿಸಿದ್ದರು. ಅವುಗಳಲ್ಲಿ ೨,೮೩೧, ಎಂದರೆ ನೂರಕ್ಕೆ ಎಂಬತ್ತಾರರಷ್ಟು, ಚಿಕ್ಕವೋ ನಿಘಂಟಿನಲ್ಲಿ ಸಿಕ್ಕುವವೋ ಆಗಿದ್ದು, ಸುಲಭವಾಗಿ ಊಹಿಸುವಂಥವಾಗಿದ್ದುವು. ಇದನ್ನು ಬರೆದ ಮಾರಿಸ್ ಅವರ ಹೆಸರನ್ನು ವಾಚಕರು ನೆನಪಿಡಬೇಕೆಂದು ಕೋರುತ್ತೇನೆ. ಅದು ಮುಂದೆ ಇನ್ನೊಮ್ಮೆ ಬರುತ್ತದೆ.

ವಿಶ್ವವಿದ್ಯಾನಿಲಯಗಳಲ್ಲಿ ಹೀಗೆ ಬಹಿರಂಗವಾಗಿ ಕೆಲಸ ಸಾಗುತ್ತಿದ್ದಾಗ, ಸೇನೆಯ ವಲಯದಲ್ಲಿ ಅದೇ ಕೆಲಸ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿತ್ತು. ರ‍್ಯಾಂಡ್ ಸಂಸ್ಥೆಯ ವಿಲ್ಲಿಸ್ ವೇರ್ ಅವರು ೧೯೬೭ರಲ್ಲಿ ಅಟ್ಲಾಂಟಿಕ್ ಸಿಟಿಯ ಸಮ್ಮೇಳನವೊಂದರಲ್ಲಿ ಗಣಕಯಂತ್ರದ ಭದ್ರತೆಯ ಪ್ರಶ್ನೆಯನ್ನು ತಜ್ಞರ ಮುಂದಿಟ್ಟರು. ಅವರ ಅಧ್ಯಕ್ಷತೆಯ ಸಮಿತಿಯೊಂದು ಅಮೆರಿಕದ ರಕ್ಷಣಾ ಇಲಾಖೆಗೆ ೧೯೭೦ರಲ್ಲಿ ವಿವರವಾದ ವರದಿಯನ್ನು ಒಪ್ಪಿಸಿತು. ಆ ವರದಿ ೧೯೭೫ರವರೆಗೆ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ.

ಅದೇ ೧೯೭೫ರಲ್ಲಿ ಎಂ.ಐ.ಟಿ.ಯ ಜೆರೋಮ್ ಸಾಲ್ಟ್ಸರ್ ಮತ್ತು ಮೈಕೇಲ್ ಶ್ರೋಡರ್ ಅವರ ದೀರ್ಘ ಪ್ರಬಂಧವೊಂದು ಪ್ರಕಟವಾಯಿತು. ಇಂದಿಗೂ ವಿದ್ಯಾರ್ಥಿಗಳು ಓದುವ ಎಂಟು ತತ್ತ್ವಗಳು ಅದರಲ್ಲಿವೆ. ಒಂದೆರಡನ್ನು ಹೇಳಬಹುದು. ಯಾರಿಗಾದರೂ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು. ಉಗ್ರಾಣದವನಿಗೆ ಖಜಾನೆಯ ಕೈ ಏಕೆ? ಸ್ಪಷ್ಟವಾದ ಅಪ್ಪಣೆ ಇಲ್ಲದಿದ್ದರೆ ಬಾಗಿಲು ಮುಚ್ಚಿಯೇ ಇರಬೇಕು. ಸಂದೇಹ ಬಂದಾಗ ತೆರೆಯುವುದಲ್ಲ, ಮುಚ್ಚುವುದು ನಿಯಮವಾಗಬೇಕು. ಮತ್ತೊಂದು ತತ್ತ್ವ ನಮಗೆ ಪರಿಚಿತವಾದುದೇ: ರಚನೆ ಬಹಿರಂಗವಾಗಿರಬೇಕು. ಹಾಬ್ಸನ ಕಾಲದ ವಾದ ಹೀಗೆ ಪಠ್ಯಪುಸ್ತಕದ ಪಾಠವಾಯಿತು.

ಈ ವಿಷಯವನ್ನು ತರಗತಿಯಲ್ಲಿ ಕಲಿಸುವುದು ಆಗತಾನೇ ಆರಂಭವಾಗಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯಲ್ಲಿ ೧೯೭೪ರಲ್ಲಿ ಇಂಥ ತರಗತಿಯೊಂದಿತ್ತು. ರಾಲ್ಫ್ ಮರ್ಕ್ಲ್ ಎಂಬ ವಿದ್ಯಾರ್ಥಿ ತಾನು ಮಾಡಬೇಕೆಂದಿದ್ದ ಕೆಲಸವನ್ನು ಬರೆದು ಅಧ್ಯಾಪಕರಿಗೆ ಒಪ್ಪಿಸಿದ. ಎಂದೂ ಸಂಧಿಸದ ಇಬ್ಬರು, ಮೂರನೆಯವನು ಕದ್ದು ಕೇಳುತ್ತಿರುವ ತಂತಿಯ ಮೇಲೆಯೇ ಮಾತಾಡಿ, ಅವನಿಗೆ ತಿಳಿಯದ ಗುಟ್ಟೊಂದನ್ನು ಹಂಚಿಕೊಳ್ಳಬಹುದೆ? ಆಗಬಹುದೆಂದು ಮರ್ಕ್ಲ್ ಹೇಳಿದ. ಮೊದಲನೆಯವನು ಸಾವಿರಾರು ಸಣ್ಣ ಒಗಟುಗಳನ್ನು ಕಳುಹಿಸಲಿ. ಪ್ರತಿ ಒಗಟಿನ ಒಳಗೂ ಒಂದು ಗುರುತು, ಒಂದು ಗುಟ್ಟು ಇರಲಿ. ಎರಡನೆಯವನು ಕಣ್ಣುಮುಚ್ಚಿ ಒಂದನ್ನು ಆರಿಸಿ, ಬಿಡಿಸಿ, ಗುರುತನ್ನು ಮಾತ್ರ ತಿಳಿಸಲಿ. ಕಳುಹಿಸಿದವನಿಗೆ ಯಾವ ಗುಟ್ಟೆಂಬುದು ಕೂಡಲೇ ತಿಳಿಯುತ್ತದೆ. ಕದ್ದು ಕೇಳುವವನಾದರೋ ಆ ಗುರುತು ಯಾವ ಒಗಟಿನಲ್ಲಿದೆಯೆಂದು ಹುಡುಕುತ್ತಾ ಸಾಮಾನ್ಯವಾಗಿ ಅರ್ಧದಷ್ಟು ಒಗಟುಗಳನ್ನಾದರೂ ಬಿಡಿಸಬೇಕಾಗುತ್ತದೆ. ಅಧ್ಯಾಪಕರಿಗೆ ಇದು ರುಚಿಸಲಿಲ್ಲ. ಮರ್ಕ್ಲ್ ಆ ತರಗತಿಯನ್ನು ಬಿಟ್ಟ, ವಿಚಾರವನ್ನು ಬಿಡಲಿಲ್ಲ. ಅವನ ಲೇಖನ ಅಚ್ಚಾದದ್ದು ೧೯೭೮ರಲ್ಲಿ. ವಿದ್ಯಾರ್ಥಿಯ ಹೊಸ ಮಾತನ್ನು ಕೇಳುವುದು ಗುರುವಿಗೆ ಎಷ್ಟು ಕಷ್ಟವೆಂಬುದಕ್ಕೆ ಈ ಶಾಸ್ತ್ರದ ಬಾಲ್ಯದಲ್ಲಿಯೇ ನಿದರ್ಶನ ದೊರೆತಿದೆ.

ಅಷ್ಟರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬವರು ಇದೇ ದಿಕ್ಕಿನಲ್ಲಿ ಮುಂದೆ ಸಾಗಿ ೧೯೭೬ರ ನವೆಂಬರಿನಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಬೀಗ ಹಾಕುವ ಕೈಯೇ ಬೇರೆ, ತೆಗೆಯುವ ಕೈಯೇ ಬೇರೆ ಆಗಬಹುದೆಂಬುದು ಅದರ ಒಂದು ಮುಖ್ಯ ವಿಚಾರ. ಒತ್ತಿದರೆ ಹಾಕಿಕೊಳ್ಳುವ ಬೀಗಗಳನ್ನು ಊರಿಗೆಲ್ಲ ಹಂಚಿ, ಕೈಯನ್ನು ಮಾತ್ರ ನಾವು ಇಟ್ಟುಕೊಂಡಂತೆ. ಯಾರು ಬೇಕಾದರೂ ಪೆಟ್ಟಿಗೆಗೆ ಬೀಗ ಒತ್ತಿ ನಮಗೆ ಕಳುಹಿಸಬಹುದು, ತೆಗೆಯಬಲ್ಲವರು ನಾವೊಬ್ಬರೇ. ೧೯೭೭ರಲ್ಲಿ ಎಂ.ಐ.ಟಿ.ಯ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು, ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಾಕಾರವನ್ನು ಬಳಸಿ ಇಂಥ ಬೀಗವನ್ನು ನಿಜವಾಗಿಯೂ ಮಾಡಿ ತೋರಿಸಿದರು. ಎರಡು ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ನೋಡಿ ಆ ಎರಡನ್ನು ಹುಡುಕುವುದು ಅತಿ ಕಷ್ಟ.

ಇಲ್ಲಿಗೆ ಸರ್ಕಾರದ ಕಾವಲುಗಾರರು ಎಚ್ಚೆತ್ತರು. ಅದುವರೆಗೆ ಗುಪ್ತಲಿಪಿಯ ಶಾಸ್ತ್ರ ಬಹುಮಟ್ಟಿಗೆ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಂಥ ಗುಪ್ತ ಕಚೇರಿಗಳ ಸೊತ್ತಾಗಿತ್ತು. ೧೯೭೭ರ ಜುಲೈಯಲ್ಲಿ ಒಬ್ಬರು ವಿದ್ಯುತ್ ಎಂಜಿನಿಯರುಗಳ ಸಂಘಕ್ಕೆ ಪತ್ರ ಬರೆದು, ಇಂಥ ಲೇಖನಗಳನ್ನು ಪ್ರಕಟಿಸುವುದು ಯುದ್ಧ ಸಾಮಗ್ರಿಗಳ ರಫ್ತಿನ ಕಾನೂನಿಗೆ ವಿರೋಧವಾಗಬಹುದೆಂದು ಎಚ್ಚರಿಸಿದರು. ಬರೆದವರು ಅದೇ ಭದ್ರತಾ ಸಂಸ್ಥೆಯ ನೌಕರರೆಂಬುದು ಅನಂತರ ತಿಳಿಯಿತು. ಗಣಿತದ ಲೇಖನವೂ ಫಿರಂಗಿಯೂ ಕಾನೂನಿನ ಕಣ್ಣಿಗೆ ಒಂದೇ ಎಂಬಂತಾಯಿತು.

ಆ ವರ್ಷದ ಅಕ್ಟೋಬರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯವಿರುವ ಇಥಾಕಾ ಊರಿನಲ್ಲಿ ವಿದ್ವತ್ಸಭೆಯೊಂದು ನಡೆಯಬೇಕಾಗಿತ್ತು. ಹೆಲ್‌ಮನ್ ಅವರ ವಿದ್ಯಾರ್ಥಿಗಳಾಗಿದ್ದ ಮರ್ಕ್ಲ್ ಮತ್ತು ಸ್ಟೀವ್ ಪೋಲಿಗ್ ಅಲ್ಲಿ ಪ್ರಬಂಧ ಓದುವವರಿದ್ದರು. ಸ್ಟ್ಯಾನ್‌ಫರ್ಡಿನ ವಕೀಲರು, ಮೊಕದ್ದಮೆ ಬಂದರೆ ಖಾಯಂ ಪ್ರಾಧ್ಯಾಪಕರ ಪರವಾಗಿ ವಿಶ್ವವಿದ್ಯಾನಿಲಯ ನಿಲ್ಲಬಲ್ಲುದು, ವಿದ್ಯಾರ್ಥಿಗಳ ಮಾತು ಬೇರೆ ಎಂದು ಸಲಹೆಯಿತ್ತರು. ಬಾಳಿನ ಹೊಸ್ತಿಲಲ್ಲಿರುವ ಹುಡುಗರು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದರೆ ಅವರ ಗತಿಯೇನು? ಕಡೆಗೆ ಹೆಲ್‌ಮನ್ ತಾವೇ ಆ ಪ್ರಬಂಧಗಳನ್ನು ಓದಿದರು. ಕೆಲಸ ಯಾರದೆಂದು ಸಭೆಗೆ ತಿಳಿಯಲೆಂದು ಆಯಾ ವಿದ್ಯಾರ್ಥಿ ವೇದಿಕೆಯ ಮೇಲೆ ಅವರ ಪಕ್ಕದಲ್ಲಿ ಮೌನವಾಗಿ ನಿಂತಿದ್ದ. ಶಿಷ್ಯನ ಅಪಾಯವನ್ನು ಗುರು ತನ್ನ ತಲೆಯ ಮೇಲೆ ಹೊತ್ತುಕೊಂಡ ಈ ದೃಶ್ಯ ವಿಶ್ವವಿದ್ಯಾನಿಲಯಗಳ ಚರಿತ್ರೆಯಲ್ಲಿ ನೆನೆಯತಕ್ಕದ್ದು. ಯಾರ ಮೇಲೂ ಮೊಕದ್ದಮೆ ಬರಲಿಲ್ಲ. ರಿವೆಸ್ಟ್ ಮೊದಲಾದವರ ಲೇಖನವೂ ೧೯೭೮ರ ಫೆಬ್ರವರಿಯಲ್ಲಿ ಅಚ್ಚಾಯಿತು.

ಗುಟ್ಟಾಗಿ ಇಟ್ಟಿದ್ದರೆ ಏನಾಗುತ್ತಿತ್ತು? ಇದಕ್ಕೂ ಚರಿತ್ರೆಯೇ ಉತ್ತರ ಕೊಟ್ಟಿದೆ. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಊರಿನ ಸರ್ಕಾರಿ ಗುಪ್ತ ಕಚೇರಿಯಲ್ಲಿ ಜೇಮ್ಸ್ ಎಲ್ಲಿಸ್ ೧೯೭೦ರಲ್ಲಿಯೇ ಎರಡು ಕೈಗಳ ಬೀಗದ ವಿಚಾರವನ್ನು ಕಂಡುಕೊಂಡಿದ್ದರು. ೧೯೭೩ರಲ್ಲಿ ಕ್ಲಿಫರ್ಡ್ ಕಾಕ್ಸ್ ಅವಿಭಾಜ್ಯ ಸಂಖ್ಯೆಗಳ ವಿಧಾನವನ್ನೂ, ಅದಾದ ಮೇಲೆ ಮಾಲ್ಕಮ್ ವಿಲಿಯಮ್‌ಸನ್ ಡಿಫಿ–ಹೆಲ್‌ಮನ್ನರ ವಿಧಾನವನ್ನೂ ಅಲ್ಲಿಯೇ ಕಂಡುಹಿಡಿದರು. ಅಮೆರಿಕದ ಪ್ರಾಧ್ಯಾಪಕರಿಗಿಂತ ಅವರೇ ಮೊದಲಿಗರು. ಆದರೆ ಕಾಗದಗಳು ಕಪಾಟಿನಲ್ಲಿ ಮಲಗಿದುವು. ೧೯೯೭ರ ಡಿಸೆಂಬರಿನಲ್ಲಿ ಸರ್ಕಾರ ಇದನ್ನು ಬಯಲು ಮಾಡುವ ಹೊತ್ತಿಗೆ ಎಲ್ಲಿಸ್ ತೀರಿಕೊಂಡು ಕೆಲವೇ ವಾರಗಳಾಗಿದ್ದುವು. ಲೋಕದ ವ್ಯಾಪಾರ ವ್ಯವಹಾರಕ್ಕೆ ಕಾವಲಾಗಿ ನಿಂತದ್ದು ಕಪಾಟಿನಲ್ಲಿದ್ದ ಆವಿಷ್ಕಾರವಲ್ಲ, ಅಚ್ಚಾಗಿ ಹತ್ತಾರು ಜನ ಕುಟ್ಟಿ ಪರೀಕ್ಷಿಸಿದ ಆವಿಷ್ಕಾರ.

ಕುಟ್ಟಿ ಪರೀಕ್ಷಿಸುವುದು ಎಷ್ಟು ಮುಖ್ಯವೆಂಬುದಕ್ಕೆ ಒಂದು ಉದಾಹರಣೆ. ನೀಧಮ್ ಮತ್ತು ಶ್ರೋಡರ್ ೧೯೭೮ರಲ್ಲಿ, ಜಾಲದ ಎರಡು ತುದಿಗಳಲ್ಲಿರುವವರು ಪರಸ್ಪರರ ಗುರುತನ್ನು ಖಚಿತಪಡಿಸಿಕೊಳ್ಳುವ ಕ್ರಮಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಒಂದು ಕೆಲವೇ ಸಾಲುಗಳದು. ಪ್ರಕಾಂಡ ಪಂಡಿತರು ಅದನ್ನು ಓದಿದರು, ಕಲಿಸಿದರು. ಅದರಲ್ಲಿ ಒಂದು ಬಿರುಕಿದೆಯೆಂದು ಆಕ್ಸ್‌ಫರ್ಡಿನ ಗ್ಯಾವಿನ್ ಲೋ ತೋರಿಸಿದ್ದು ೧೯೯೫ರಲ್ಲಿ, ಹದಿನೇಳು ವರ್ಷಗಳ ಮೇಲೆ. ಬಹಿರಂಗವಾಗಿದ್ದ ಕೆಲವು ಸಾಲುಗಳಲ್ಲಿ ದೋಷ ಇಷ್ಟು ಕಾಲ ಅಡಗಿರಬಹುದಾದರೆ, ಯಾರಿಗೂ ತೋರಿಸದೆ ಇಟ್ಟ ಲಕ್ಷಗಟ್ಟಲೆ ಸಾಲುಗಳ ಗತಿಯೇನು?

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಒಡೆಯುವ ವಿದ್ಯೆಯನ್ನು ಕಲಿತ ವಿದ್ಯಾರ್ಥಿ ಅದನ್ನು ಪ್ರಯೋಗಿಸಿಯೇ ಬಿಟ್ಟರೆ? ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಫ್ರೆಡ್ ಕೋಹೆನ್ ಎಂಬ ವಿದ್ಯಾರ್ಥಿ ೧೯೮೩ರ ನವೆಂಬರಿನಲ್ಲಿ, ಇತರ ಪ್ರೋಗ್ರಾಮುಗಳಿಗೆ ತಾನೇ ಅಂಟಿಕೊಂಡು ಹರಡುವ ಪ್ರೋಗ್ರಾಮೊಂದನ್ನು ಬರೆದ. ಅದಕ್ಕೆ ವೈರಸ್ ಎಂಬ ಹೆಸರನ್ನು ಸೂಚಿಸಿದವರು ಅವನ ಅಧ್ಯಾಪಕರಾದ ಏಡಲ್‌ಮನ್. ಅಪ್ಪಣೆ ಪಡೆದು, ಎಚ್ಚರಿಕೆಯಿಂದ ನಡೆಸಿದ ಐದು ಪ್ರಯೋಗಗಳಲ್ಲಿಯೂ ಒಂದು ಗಂಟೆಯೊಳಗಾಗಿ ಯಂತ್ರದ ಸರ್ವಾಧಿಕಾರ ಆ ಪ್ರೋಗ್ರಾಮಿನ ವಶವಾಯಿತು. ಒಮ್ಮೆಯಂತೂ ಐದು ನಿಮಿಷವೂ ಹಿಡಿಯಲಿಲ್ಲ. ಫಲವನ್ನು ಕೇಳಿದ ಆಡಳಿತದವರು ಇಂಥ ಪ್ರಯೋಗಗಳು ಇನ್ನು ಬೇಡವೆಂದುಬಿಟ್ಟರು. ಮನೆಯ ಗೋಡೆ ಬಿರುಕು ಬಿಟ್ಟಿದೆಯೆಂದು ತಿಳಿಸಿದವನನ್ನು ಮನೆಯಿಂದ ಹೊರಗೆ ಕಳುಹಿಸಿದಂತಾಯಿತು.

ಐದು ವರ್ಷಗಳ ಮೇಲೆ, ೧೯೮೮ರ ನವೆಂಬರ್ ೨ರ ಸಂಜೆ, ಅಪ್ಪಣೆಯಿಲ್ಲದ ಪ್ರಯೋಗವೊಂದು ನಡೆಯಿತು. ಕಾರ್ನೆಲ್ಲಿನ ಸಂಶೋಧನ ವಿದ್ಯಾರ್ಥಿಯೊಬ್ಬ ತಾನು ಬರೆದ ಪ್ರೋಗ್ರಾಮನ್ನು ಎಂ.ಐ.ಟಿ.ಯ ಯಂತ್ರವೊಂದರಿಂದ ಅಂತರ್ಜಾಲಕ್ಕೆ ಬಿಟ್ಟ. ಯಂತ್ರದಿಂದ ಯಂತ್ರಕ್ಕೆ ಹರಿದ ಈ ಹುಳು ಯಾವ ಕಡತವನ್ನೂ ಅಳಿಸಲಿಲ್ಲ. ಆದರೆ ಹೋದೆಡೆಗೇ ಮತ್ತೆ ಮತ್ತೆ ಹೋಗಿ, ಒಂದೇ ಯಂತ್ರದಲ್ಲಿ ಹಲವು ಪ್ರತಿಗಳಾಗಿ ಬೆಳೆದು, ಯಂತ್ರಗಳನ್ನು ಮೇಲೇಳದಂತೆ ಮಾಡಿತು. ಆಗ ಜಾಲದಲ್ಲಿದ್ದ ಸುಮಾರು ೬೦,೦೦೦ ಯಂತ್ರಗಳಲ್ಲಿ ಆರು ಸಾವಿರದಷ್ಟು ಇದಕ್ಕೆ ತುತ್ತಾದುವೆಂದು ಅಂದಾಜು ಮಾಡಿದರು. ಅದು ಒಳನುಗ್ಗಲು ಬಳಸಿದ ದಾರಿಗಳಲ್ಲಿ ಒಂದು, ಸುಲಭವಾದ ಪಾಸ್‌ವರ್ಡುಗಳನ್ನು ಊಹಿಸುವುದು. ಆ ವಿದ್ಯಾರ್ಥಿಯ ಹೆಸರು ರಾಬರ್ಟ್ ಟಪನ್ ಮಾರಿಸ್. ಒಂಬತ್ತು ವರ್ಷಗಳ ಹಿಂದೆ ಜನರ ಪಾಸ್‌ವರ್ಡುಗಳು ಎಷ್ಟು ದುರ್ಬಲವೆಂದು ಲೋಕಕ್ಕೆ ತೋರಿಸಿದ್ದ ರಾಬರ್ಟ್ ಮಾರಿಸ್ ಅವರ ಮಗ! ತಂದೆ ಆ ಹೊತ್ತಿಗೆ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಗಣಕಯಂತ್ರ ಭದ್ರತಾ ಕೇಂದ್ರದಲ್ಲಿ ಮುಖ್ಯ ವಿಜ್ಞಾನಿಯಾಗಿದ್ದರು.

ಮಗನ ಮೇಲಿನ ಅಪರಾಧ ೧೯೯೦ರಲ್ಲಿ ಸಿದ್ಧವಾಯಿತು. ಸೆರೆಮನೆಯ ವಾಸ ತಪ್ಪಿತಾದರೂ ಮೂರು ವರ್ಷ ನಡತೆಯ ಮೇಲಿನ ನಿಗಾ, ೪೦೦ ಗಂಟೆಗಳ ಸಮಾಜಸೇವೆ, ೧೦,೦೫೦ ಡಾಲರ್ ದಂಡ ವಿಧಿಸಿದರು. ಆತ ಮುಂದೆ ಎಂ.ಐ.ಟಿ.ಯಲ್ಲಿಯೇ ಪ್ರಾಧ್ಯಾಪಕನಾದ. ಹುಳುವನ್ನು ಹಿಡಿದು, ಬಿಡಿಸಿ, ಮದ್ದು ಕಂಡುಹಿಡಿದವರೂ ವಿಶ್ವವಿದ್ಯಾನಿಲಯದವರೇ ಎಂಬುದನ್ನು ಮರೆಯಲಾಗದು. ಬರ್ಕ್ಲಿ, ಎಂ.ಐ.ಟಿ., ಪರ್ಡ್ಯೂ ಮೊದಲಾದೆಡೆಗಳಲ್ಲಿ ನಿದ್ದೆಗೆಟ್ಟು ದುಡಿದವರು ಒಂದೆರಡು ದಿನಗಳಲ್ಲಿ ಅದರ ಮರ್ಮವನ್ನು ಬಯಲಿಗೆಳೆದರು. ಅದೇ ತಿಂಗಳು ಕಾರ್ನೆಗಿ ಮೆಲ್ಲನ್ ವಿಶ್ವವಿದ್ಯಾನಿಲಯದಲ್ಲಿ ಇಂಥ ವಿಪತ್ತುಗಳನ್ನು ಎದುರಿಸುವ ತಂಡವೊಂದು ಸರ್ಕಾರದ ಆಶ್ರಯದಲ್ಲಿ ಹುಟ್ಟಿತು. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂದು ಗಾದೆ ನಗುತ್ತದೆ; ಆದರೆ ನಾಳೆಯೂ ಸೂರೆಗಾರರು ಬರುವವರಿದ್ದರೆ ಈಗಲಾದರೂ ಹಾಕುವುದು ಲೇಸು.

ಈ ಘಟನೆಯ ಅನಂತರ ಕಲಿಸುವ ಕೆಲಸ ಕ್ರಮಬದ್ಧವಾಯಿತು. ಲಂಡನ್ ವಿಶ್ವವಿದ್ಯಾನಿಲಯದ ರಾಯಲ್ ಹಾಲೋವೆ ಕಾಲೇಜಿನಲ್ಲಿ ೧೯೯೨ರಲ್ಲಿ ಮಾಹಿತಿ ಭದ್ರತೆಯ ಸ್ನಾತಕೋತ್ತರ ಪದವಿ ತರಗತಿ ಆರಂಭವಾಯಿತು. ಪರ್ಡ್ಯೂವಿನಲ್ಲಿ ಜೀನ್ ಸ್ಪ್ಯಾಫರ್ಡ್ ಅವರ ಪ್ರಯೋಗಶಾಲೆ ಬೆಳೆದು ೧೯೯೮ರಲ್ಲಿ ದೊಡ್ಡ ಸಂಶೋಧನ ಕೇಂದ್ರವಾಯಿತು. ೧೯೯೯ರಲ್ಲಿ ಅಮೆರಿಕದ ಏಳು ವಿಶ್ವವಿದ್ಯಾನಿಲಯಗಳನ್ನು ಈ ವಿಷಯದಲ್ಲಿ ಶ್ರೇಷ್ಠ ಕೇಂದ್ರಗಳೆಂದು ಗುರುತಿಸಿದರು. ಗುರುತಿಸಿದವರು ಯಾರು? ಯಾವ ಕಚೇರಿಯ ನೌಕರರ ಪತ್ರದಿಂದ ೧೯೭೭ರಲ್ಲಿ ಇಬ್ಬರು ವಿದ್ಯಾರ್ಥಿಗಳು ವೇದಿಕೆಯ ಮೇಲೆ ಬಾಯಿ ಮುಚ್ಚಿ ನಿಲ್ಲಬೇಕಾಯಿತೋ ಅದೇ ರಾಷ್ಟ್ರೀಯ ಭದ್ರತಾ ಸಂಸ್ಥೆ. ಗುಪ್ತ ಕಚೇರಿಗೂ ತನ್ನ ಕೆಲಸಕ್ಕೆ ಕಲಿತವರು ಬೇಕು. ಕಲಿಸುವವರು ಪಾಠಶಾಲೆಯಲ್ಲಿಯೇ ಇರುತ್ತಾರೆ.

ಆದರೆ ವಾದ ಮುಗಿಯಲಿಲ್ಲ. ಎದುರಾಳಿ ಬದಲಾದ, ಅಷ್ಟೆ. ೨೦೦೩ರಲ್ಲಿ ಕೆನಡದ ಕ್ಯಾಲ್ಗರಿ ವಿಶ್ವವಿದ್ಯಾನಿಲಯ ವೈರಸ್ಸುಗಳನ್ನು ಬರೆದು ಕಲಿಯುವ ತರಗತಿಯನ್ನು ಸಾರಿದಾಗ, ವೈರಸ್ ನಿವಾರಣೆಯ ಉದ್ಯಮದವರೇ ಅದನ್ನು ವಿರೋಧಿಸಿದರು. ೨೦೦೮ರಲ್ಲಿ ನೆದರ್ಲೆಂಡ್ಸಿನ ನೈಮೇಖನ್ ಊರಿನ ರಾಡ್‌ಬೌಡ್ ವಿಶ್ವವಿದ್ಯಾನಿಲಯದವರು, ಬಸ್ಸು ರೈಲುಗಳ ಕಾರ್ಡುಗಳಲ್ಲಿ ಬಳಸ್ಪಡುತ್ತಿದ್ದ ಚಿಪ್ಪೊಂದರ ಗುಪ್ತಲಿಪಿಯನ್ನು ಬಿಡಿಸಿದರು. ಆ ರಚನೆಯನ್ನು ತಯಾರಕರು ಗುಟ್ಟಾಗಿ ಇಟ್ಟಿದ್ದರು. ಕೆರ್ಕ್‌ಹಾಫ್ಸರ ಸೂತ್ರವನ್ನು ಮರೆತ ಫಲ ಇದು. ಲೇಖನವನ್ನು ತಡೆಯಬೇಕೆಂದು ತಯಾರಕರು ನ್ಯಾಯಾಲಯಕ್ಕೆ ಹೋದರು. ಆರ್ನ್‌ಹೆಮ್ ನ್ಯಾಯಾಲಯ ಒಪ್ಪಲಿಲ್ಲ. ನಷ್ಟವೇನಾದರೂ ಆದರೆ ಅದು ದೋಷವುಳ್ಳ ಚಿಪ್ಪನ್ನು ಮಾಡಿ ಮಾರಿದುದರಿಂದ, ದೋಷವನ್ನು ಹೇಳಿದುದರಿಂದ ಅಲ್ಲ ಎಂಬುದು ತೀರ್ಪಿನ ಸಾರ.

ಐದು ವರ್ಷಗಳ ಮೇಲೆ ಇಂಗ್ಲೆಂಡಿನಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಫ್ಲಾವಿಯೊ ಗಾರ್ಸಿಯ ಅವರೂ ನೈಮೇಖನ್ನಿನ ಇಬ್ಬರು ಸಹೋದ್ಯೋಗಿಗಳೂ ಕಾರುಗಳ ಕಳವು ತಡೆಯುವ ಚಿಪ್ಪಿನಲ್ಲಿ ದೋಷವನ್ನು ಕಂಡು, ತಯಾರಕರಿಗೆ ತಿಂಗಳುಗಳ ಮೊದಲೇ ತಿಳಿಸಿದ್ದರು. ಆದರೂ ೨೦೧೩ರಲ್ಲಿ ಕಾರಿನ ಕಂಪನಿಯ ಕೋರಿಕೆಯಂತೆ ಅಲ್ಲಿನ ಉಚ್ಚ ನ್ಯಾಯಾಲಯ ಪ್ರಕಟಣೆಗೆ ತಡೆಯಾಜ್ಞೆ ಕೊಟ್ಟಿತು. ಲೇಖನ ಬೆಳಕು ಕಂಡುದು ೨೦೧೫ರಲ್ಲಿ, ಒಂದು ವಾಕ್ಯವನ್ನು ಬಿಟ್ಟು. ಆ ಎರಡು ವರ್ಷ ಕಾರಿನ ಒಡೆಯರು ತಮ್ಮ ಬೀಗವನ್ನು ನಂಬಿ ಮಲಗಿದರು.

ವಿಶ್ವವಿದ್ಯಾನಿಲಯದವರೇ ಹದ್ದು ಮೀರಿದುದೂ ಉಂಟು. ಲಿನಕ್ಸ್ ಎಂಬುದು ಲೋಕದ ಅನೇಕರು ಸೇರಿ ಬಹಿರಂಗವಾಗಿ ಕಟ್ಟಿದ ಪ್ರೋಗ್ರಾಮು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಸಂಶೋಧಕರು, ಅದನ್ನು ಪಾಲಿಸುವವರ ಎಚ್ಚರವನ್ನು ಅಳೆಯಲು, ಬೇಕೆಂದೇ ದೋಷವಿರಿಸಿದ ತಿದ್ದುಪಡಿಗಳನ್ನು ಅವರಿಗೆ ತಿಳಿಸದೆ ಕಳುಹಿಸಿದ್ದರು. ೨೦೨೧ರಲ್ಲಿ ಇದು ದೊಡ್ಡ ರಾದ್ಧಾಂತವಾಗಿ, ಪಾಲಕರು ಆ ವಿಶ್ವವಿದ್ಯಾನಿಲಯದಿಂದ ಬರುವ ಕೊಡುಗೆಗಳನ್ನೇ ನಿಲ್ಲಿಸಿದರು. ಸಂಶೋಧಕರು ಕ್ಷಮೆ ಕೇಳಿ ಲೇಖನವನ್ನು ಹಿಂದಕ್ಕೆ ಪಡೆದರು. ಕೋಹೆನ್ ಅಪ್ಪಣೆ ಕೇಳಿದ್ದ, ಇವರು ಕೇಳಲಿಲ್ಲ. ವಿದ್ಯೆ ಒಂದೇ, ನಡತೆ ಬೇರೆ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಈಗ ಗುಪ್ತಲಿಪಿಯ ಶಾಸ್ತ್ರ, ಜಾಲದ ಭದ್ರತೆ ಪಠ್ಯಗಳಾಗಿವೆ. ನಮ್ಮ ದೇಶದ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ, ಒಡೆಯನ ಅಪ್ಪಣೆಯಿಲ್ಲದೆ ಇನ್ನೊಬ್ಬರ ಗಣಕಯಂತ್ರವನ್ನು ಹೊಕ್ಕರೆ ಪರಿಹಾರ ತೆರಬೇಕಾಗುತ್ತದೆ. ಕೆಟ್ಟ ಉದ್ದೇಶದಿಂದ ಹೊಕ್ಕರೆ ಶಿಕ್ಷೆಯೂ ಆಗುತ್ತದೆ. ಈ ವಿದ್ಯೆಗೆ ಕೈಹಾಕುವ ಹುಡುಗ ಹುಡುಗಿಯರಿಗೆ ಗಣಿತದೊಡನೆ ಈ ಚರಿತ್ರೆಯನ್ನೂ ಹೇಳಿಕೊಡುವುದು ಲೇಸೆಂದು ತೋರುತ್ತದೆ. ಪ್ರಯೋಗಕ್ಕೆ ತನ್ನದೇ ಬೀಗವನ್ನೋ, ಒಡೆಯ ಒಪ್ಪಿ ಕೊಟ್ಟ ಬೀಗವನ್ನೋ ಬಳಸಬೇಕು. ದೋಷ ಕಂಡರೆ ಮೊದಲು ಬೀಗ ಮಾಡಿದವನಿಗೆ ಹೇಳಬೇಕು. ಸರಿಪಡಿಸಲು ಕಾಲ ಕೊಡಬೇಕು. ಆಮೇಲೆ ಊರಿಗೆ ಹೇಳಬೇಕು.

ಕೊನೆಯದನ್ನು ಬಿಡಬಾರದು. ಹೇಳದೆ ಉಳಿದ ದೋಷ ಮಾಯವಾಗುವುದಿಲ್ಲ. ಅದು ಇನ್ನೊಬ್ಬನ ಕಣ್ಣಿಗೆ ಬೀಳುವವರೆಗೆ ಕಾದಿರುತ್ತದೆ. ಆ ಇನ್ನೊಬ್ಬನು ಎಂಥವನೆಂದು ಯಾರು ಬಲ್ಲರು? ಅವನಿಗಿಂತ ಮೊದಲು ನಮ್ಮ ಮಕ್ಕಳು ಪಾಠಶಾಲೆಯಲ್ಲಿ, ಗುರುವಿನ ಎದುರಿನಲ್ಲಿ, ಹಗಲು ಬೆಳಕಿನಲ್ಲಿ ಅದನ್ನು ಕಾಣಲಿ.